ಸವೆದ ನಾಣ್ಯ ತೂಗಿ ಇತಿಹಾಸ ಓದಿದ ಪುಣೆಯ ಗಣಿತ ಮೇಷ್ಟ್ರು: ಡಿ.ಡಿ. ಕೋಸಂಬಿ ಬದುಕಿನ ಕಥೆ

ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಲೀನಿಯರ್ ರಿಗ್ರೆಷನ್ ಎಂಬ ಹೆಸರು ನೆನಪಿರಬಹುದು. ಗ್ರಾಫ್ ಹಾಳೆಯ ಮೇಲೆ ಒಂದಷ್ಟು ಚುಕ್ಕೆಗಳು, ಅವುಗಳ ನಡುವೆ ಹಾದುಹೋಗುವ ಒಂದು ಸರಳರೇಖೆ, ರೇಖೆಗೂ ಚುಕ್ಕೆಗೂ ನಡುವೆ ಉಳಿಯುವ ಅಂತರ. ಆ ಅಂತರಕ್ಕೆ ರೆಸಿಡ್ಯುಯಲ್ ಎಂದು ಹೆಸರು, ಅಂದರೆ ಉಳಿಕೆ. ಪರೀಕ್ಷೆ ಮುಗಿದ ಮೇಲೆ ಬಹುತೇಕ ವಿದ್ಯಾರ್ಥಿಗಳು ಇದನ್ನು ಮರೆತುಬಿಡುತ್ತಾರೆ. ಇದರಿಂದ ಬದುಕಿನಲ್ಲಿ ಏನು ಉಪಯೋಗ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಏಳುತ್ತದೆ.

ಈ ಪ್ರಶ್ನೆಗೆ ಸುಮಾರು 85 ವರ್ಷಗಳ ಹಿಂದೆ ಪುಣೆಯ ಗಣಿತ ಪ್ರಾಧ್ಯಾಪಕರೊಬ್ಬರು ಯಾರೂ ಊಹಿಸದ ಉತ್ತರ ಕೊಟ್ಟಿದ್ದರು. ಇದೇ ಸರಳರೇಖೆಯ ಲೆಕ್ಕ ಹಿಡಿದು, ಯಾವ ರಾಜನ ಹೆಸರೂ ಇಲ್ಲದ, ಯಾವ ಇಸವಿಯೂ ಇಲ್ಲದ ಎರಡು ಸಾವಿರ ವರ್ಷಗಳಿಗೂ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಹೇಳಲು ಹೊರಟರು. ಅವರೇ ದಾಮೋದರ ಧರ್ಮಾನಂದ ಕೋಸಂಬಿ. ಇತಿಹಾಸ ಓದಿದವರಿಗೆ ಅವರು ದೊಡ್ಡ ಇತಿಹಾಸಕಾರ. ಆದರೆ ಅವರು ಜೀವನಪೂರ್ತಿ ಸಂಬಳ ಪಡೆದದ್ದು ಗಣಿತಕ್ಕಾಗಿ ಎಂಬುದು ಅನೇಕರಿಗೆ ಗೊತ್ತಿಲ್ಲ.

ಗೋವಾದಿಂದ ಪುಣೆಗೆ, ಪುಣೆಯಿಂದ ಅಮೆರಿಕಕ್ಕೆ

ಕೋಸಂಬಿ ಹುಟ್ಟಿದ್ದು 1907ರ ಜುಲೈ 31ರಂದು, ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದ ಕೋಸಬೆನ್ ಎಂಬ ಊರಿನಲ್ಲಿ. ಮನೆಮಾತು ಕೊಂಕಣಿ. ತಂದೆ ಧರ್ಮಾನಂದ ಕೋಸಂಬಿ ಬೌದ್ಧ ಸಾಹಿತ್ಯದ ಹೆಸರಾಂತ ವಿದ್ವಾಂಸರು. ಪಾಳಿ ಭಾಷೆ ಕಲಿಯಲು ಮನೆ ಬಿಟ್ಟು ಹೊರಟು ಊರೂರು ಅಲೆದವರು, ಸಿಂಹಳದವರೆಗೂ ಹೋಗಿ ಬಂದವರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿ ಕಲಿಸುವ ಕೆಲಸ ಸಿಕ್ಕಾಗ ಕುಟುಂಬವೂ ಪುಣೆಗೆ ಬಂತು. ಬಾಲಕ ದಾಮೋದರನ ಶಾಲಾ ದಿನಗಳು ಇಲ್ಲಿಯೇ ಶುರುವಾದವು.

1918ರಲ್ಲಿ ಧರ್ಮಾನಂದರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬೌದ್ಧ ಗ್ರಂಥವೊಂದರ ಸಂಪಾದನೆಯ ಕೆಲಸವಿತ್ತು. ಹನ್ನೊಂದು ವರ್ಷದ ಮಗನನ್ನೂ ಜೊತೆಗೆ ಕರೆದೊಯ್ದರು. ಹುಡುಗ ಅಲ್ಲಿನ ಕೇಂಬ್ರಿಡ್ಜ್ ಪಟ್ಟಣದ ಶಾಲೆಗೆ ಸೇರಿದ. ತಂದೆ ಭಾರತಕ್ಕೆ ಮರಳಿದ ಮೇಲೂ ಅಲ್ಲಿಯೇ ಓದು ಮುಂದುವರಿಸಿದ. ಮುಂದೆ ಹಾರ್ವರ್ಡ್ ಸೇರಿ 1929ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದ.

ಅಲ್ಲಿ ಅವರ ಗಣಿತದ ಗುರುಗಳಲ್ಲಿ ಒಬ್ಬರು ಜಾರ್ಜ್ ಬರ್ಕಾಫ್. ಗಣಿತ ಒಂದರ ಮೇಲೆಯೇ ಗಮನ ಇಡುವಂತೆ ಅವರು ಶಿಷ್ಯನಿಗೆ ಸಲಹೆ ಕೊಟ್ಟಿದ್ದರು. ಶಿಷ್ಯ ಕೇಳಲಿಲ್ಲ. ಗಣಿತದ ಜೊತೆಗೆ ಹಲವು ಭಾಷೆಗಳನ್ನೂ ಇತರ ವಿಷಯಗಳನ್ನೂ ಕಲಿತರು. ಒಂದೇ ವಿಷಯದ ಬೇಲಿಯೊಳಗೆ ನಿಲ್ಲದ ಈ ಸ್ವಭಾವ ಅವರಿಗೆ ಹೆಸರನ್ನೂ ತಂದಿತು, ನಷ್ಟವನ್ನೂ ತಂದಿತು.

ಭಾರತಕ್ಕೆ ಮರಳಿದ ಮೇಲೆ ಮೊದಲು ಬನಾರಸ್ ಹಿಂದೂ ವಿಶ್ವವಿದ್ಯಾಲಯ, ನಂತರ ಆಲಿಘರ್ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಆಲಿಘರ್‌ಗೆ ಅವರನ್ನು ಕರೆಸಿಕೊಂಡದ್ದು ಆಗ ಅಲ್ಲಿದ್ದ ಫ್ರಾನ್ಸ್‌ನ ಯುವ ಗಣಿತಜ್ಞ ಆಂದ್ರೆ ವೈಲ್. 1930ರ ದಶಕದ ಆರಂಭದಲ್ಲಿ ಕೋಸಂಬಿ ಪುಣೆಗೆ ವಾಪಸಾದರು. ತಂದೆ ಪಾಳಿ ಕಲಿಸಿದ್ದ ಅದೇ ಫರ್ಗ್ಯುಸನ್ ಕಾಲೇಜಿನಲ್ಲಿ ಮಗ ಗಣಿತದ ಪ್ರಾಧ್ಯಾಪಕರಾದರು. 1945ರವರೆಗೆ ಅಲ್ಲಿದ್ದರು. 1934ರಲ್ಲಿ ಅವರಿಗೆ ರಾಮಾನುಜನ್ ಸ್ಮಾರಕ ಬಹುಮಾನ ಬಂತು.

ಪರೀಕ್ಷೆಯ ಅಂಕಗಳಿಂದ ಶುರುವಾದ ಪಾಠ

ಕೋಸಂಬಿ ಅವರ ಮೂಲ ಕ್ಷೇತ್ರ ಉನ್ನತ ರೇಖಾಗಣಿತ. ಸಂಖ್ಯಾಶಾಸ್ತ್ರವನ್ನು ಅವರು ಯಾವ ತರಗತಿಯಲ್ಲೂ ಕುಳಿತು ಕಲಿತವರಲ್ಲ. ತಮ್ಮ ಗಣಿತಕ್ಕೆ ಅದು ಬೇಕು ಎನಿಸಿದಾಗ ಸ್ವಂತವಾಗಿ ಕಲಿಯಲು ಕುಳಿತರು. ಪುಸ್ತಕದ ಸೂತ್ರ ಬಾಯಿಪಾಠ ಮಾಡಿದರೆ ಸಾಲದು, ನಿಜವಾದ ಅಂಕಿಅಂಶಗಳ ಮೇಲೆ ಕೈಯಾಡಿಸಬೇಕು ಎಂಬುದು ಅವರ ನಿಲುವು.

ಒಬ್ಬ ಮೇಷ್ಟ್ರ ಕೈಗೆ ಸುಲಭವಾಗಿ ಸಿಗುವ ಅಂಕಿಅಂಶ ಯಾವುದು? ವಿದ್ಯಾರ್ಥಿಗಳ ಪರೀಕ್ಷೆಯ ಅಂಕಗಳು! ಕೋಸಂಬಿ ಅಭ್ಯಾಸಕ್ಕೆ ಎತ್ತಿಕೊಂಡ ಆರಂಭದ ಲೆಕ್ಕಗಳಲ್ಲಿ ಅದೂ ಒಂದು. ತರಗತಿಯಲ್ಲಿ ಕಲಿಸುವ ಮಟ್ಟಕ್ಕೂ ಪರೀಕ್ಷೆ ಅಳೆಯುವ ಮಟ್ಟಕ್ಕೂ ಹೊಂದಾಣಿಕೆಯೇ ಇಲ್ಲ ಎಂಬ ಅನುಮಾನ ಅವರಿಗೆ ಆ ಲೆಕ್ಕದಿಂದ ಬಲವಾಯಿತು. ಆದರೆ ಅಂಕಗಳ ಲೆಕ್ಕ ಅವರಿಗೆ ಬಹುಕಾಲ ರುಚಿಸಲಿಲ್ಲ. ಇನ್ನೂ ಗಟ್ಟಿಯಾದ, ಯಾರೂ ಬಿಡಿಸದ ಲೆಕ್ಕ ಬೇಕಿತ್ತು. ಅದು ಸಿಕ್ಕಿದ್ದು ಹಳೆಯ ನಾಣ್ಯಗಳಲ್ಲಿ.

ಹೆಸರಿಲ್ಲದ ನಾಣ್ಯಗಳ ಒಗಟು

ಭಾರತದ ಅತಿ ಹಳೆಯ ನಾಣ್ಯಗಳು ಪಂಚ್ ಮಾರ್ಕ್ ನಾಣ್ಯಗಳು. ಬೆಳ್ಳಿಯ ತಗಡನ್ನು ತುಂಡು ಮಾಡಿ, ಮೂಲೆ ಕತ್ತರಿಸಿ ತೂಕ ಸರಿಮಾಡಿ, ಅದರ ಮೇಲೆ ಚಿಕ್ಕ ಚಿಕ್ಕ ಮುದ್ರೆಗಳನ್ನು ಒತ್ತುತ್ತಿದ್ದರು. ಸೂರ್ಯ, ಬೆಟ್ಟ, ಮರ, ಆನೆ, ಗೂಳಿ ಹೀಗೆ ಬಗೆಬಗೆಯ ಚಿಹ್ನೆಗಳು. ಮುಖಭಾಗದಲ್ಲಿ ಸಾಮಾನ್ಯವಾಗಿ ಐದು ಮುದ್ರೆಗಳು. ಹಿಂಬದಿಯಲ್ಲಿ ಕೆಲವಕ್ಕೆ ಒಂದೂ ಇಲ್ಲ, ಕೆಲವಕ್ಕೆ ಒಂದೆರಡು, ಇನ್ನು ಕೆಲವಕ್ಕೆ ಹಲವಾರು ಪುಟ್ಟ ಮುದ್ರೆಗಳು.

ಕಾರ್ಷಾಪಣ ಎಂದು ಕರೆಯುವ ಈ ನಾಣ್ಯದ ತೂಕದ ಅಳತೆಗೋಲು ಗುಲಗಂಜಿ. ಒಂದು ನಾಣ್ಯಕ್ಕೆ 32 ಗುಲಗಂಜಿ, ಇಂದಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಗ್ರಾಂ. ಆದರೆ ನಾಣ್ಯದ ಮೇಲೆ ಅಕ್ಷರವಿಲ್ಲ, ರಾಜನ ಮುಖವಿಲ್ಲ, ಇಸವಿಯಿಲ್ಲ. ಹೀಗಿರುವಾಗ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದು ಹೇಗೆ? ಚಿಹ್ನೆಗಳ ಅರ್ಥ ಹುಡುಕುತ್ತಾ ವಿದ್ವಾಂಸರು ವರ್ಷಗಟ್ಟಲೆ ವಾದ ಮಾಡುತ್ತಿದ್ದರು.

ಇದೇ ಹೊತ್ತಿಗೆ ತಕ್ಷಶಿಲೆಯ ಒಂದು ನಿಧಿ ಸುದ್ದಿಯಲ್ಲಿತ್ತು. 1924ರಲ್ಲಿ ಅಲ್ಲಿನ ಭೀರ್ ದಿಬ್ಬದಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅವುಗಳ ಜೊತೆ ಅಲೆಗ್ಸಾಂಡರನ ಎರಡು ನಾಣ್ಯ ಹಾಗೂ ಅವನ ನಂತರ ಪಟ್ಟಕ್ಕೆ ಬಂದ ಫಿಲಿಪ್ ಅರಿಡಿಯಸ್‌ನ ಒಂದು ನಾಣ್ಯವೂ ಇತ್ತು, ಅದೂ ಟಂಕಸಾಲೆಯಿಂದ ಆಗಷ್ಟೇ ಬಂದಂತೆ ಹೊಸದಾಗಿ. ಹಾಗಾಗಿ ನಿಧಿಯನ್ನು ಹೂತದ್ದು ಕ್ರಿ.ಪೂ. 4ನೇ ಶತಮಾನದ ಕೊನೆಯ ಭಾಗದಲ್ಲಿ ಎಂದು ಹೇಳಲು ಸಾಧ್ಯವಾಯಿತು. ಇ.ಎಚ್.ಸಿ. ವಾಲ್ಶ್ ಎಂಬ ವಿದ್ವಾಂಸರು ಈ ನಾಣ್ಯಗಳ ಮುದ್ರೆ, ತೂಕಗಳ ವಿವರವನ್ನು 1939ರಲ್ಲಿ ಪ್ರಕಟಿಸಿದರು. ಉಳಿದವರು ಮುದ್ರೆಗಳ ಚಿತ್ರ ನೋಡಿದರು. ಕೋಸಂಬಿ ಅವರ ಕಣ್ಣು ಹೋದದ್ದು ತೂಕದ ಅಂಕಿಗಳ ಮೇಲೆ.

ನಾಣ್ಯ ಸವೆಯುವುದೂ ಒಂದು ಲೆಕ್ಕ

ಕೋಸಂಬಿ ಅವರ ಯೋಚನೆ ಸರಳ. ಒಂದೇ ತೂಕಕ್ಕೆ ಮಾಡಿದ ನಾಣ್ಯಗಳು ಚಲಾವಣೆಗೆ ಬಂದ ದಿನದಿಂದ ಸವೆಯಲು ಶುರು. ಕೈಯಿಂದ ಕೈಗೆ, ಚೀಲದಿಂದ ಚೀಲಕ್ಕೆ ಹೋಗುವಾಗ ಪ್ರತಿ ಸಲವೂ ಕಣ್ಣಿಗೆ ಕಾಣದಷ್ಟು ಬೆಳ್ಳಿ ಕಳೆದುಹೋಗುತ್ತದೆ. ಯಾವ ನಾಣ್ಯ ಎಷ್ಟು ಸವೆಯುತ್ತದೆ ಎಂದು ಮೊದಲೇ ಹೇಳಲಾಗದು. ಒಂದು ನಾಣ್ಯ ಸಂತೆಯಲ್ಲಿ ದಿನವೂ ಓಡಾಡಿರಬಹುದು, ಇನ್ನೊಂದು ಯಾರದೋ ಮಡಕೆಯಲ್ಲಿ ವರ್ಷಗಟ್ಟಲೆ ಮಲಗಿರಬಹುದು. ಆದರೆ ನೂರಾರು ನಾಣ್ಯಗಳನ್ನು ಒಟ್ಟಿಗೆ ನೋಡಿದರೆ ಸರಾಸರಿ ತೂಕ ಒಂದು ಕ್ರಮದಲ್ಲಿ ಇಳಿಯಬೇಕು.

ಈ ಊಹೆ ಸರಿಯೋ ತಪ್ಪೋ ಎಂದು ತಿಳಿಯಲು ಅವರು ನೇರವಾಗಿ ಪುರಾತನ ನಾಣ್ಯಗಳಿಗೆ ಹೋಗಲಿಲ್ಲ. ಮೊದಲು ತಮ್ಮ ಕಾಲದ ನಾಣ್ಯಗಳನ್ನು ತೂಗಿದರು. ಬ್ರಿಟಿಷ್ ಆಳ್ವಿಕೆಯ ಬೆಳ್ಳಿ ರೂಪಾಯಿಯ ನಿಗದಿತ ತೂಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ. ಅದರ ಮೇಲೆ ಟಂಕಿಸಿದ ಇಸವಿ ಇರುತ್ತದೆ. ಹಾಗಾಗಿ ನಾಣ್ಯದ ವಯಸ್ಸು ಖಚಿತ, ತಕ್ಕಡಿ ಹೇಳುವ ತೂಕವೂ ಖಚಿತ. ಚಲಾವಣೆಯಲ್ಲಿದ್ದ ನಾಣ್ಯಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿ, ಇಸವಿವಾರು ಬೇರ್ಪಡಿಸಿ, ಒಂದೊಂದನ್ನೇ ಸೂಕ್ಷ್ಮ ತಕ್ಕಡಿಯಲ್ಲಿಟ್ಟು ತೂಗುವುದೆಂದರೆ ಸಣ್ಣ ಕೆಲಸವಲ್ಲ. ಕ್ಯಾಲ್ಕುಲೇಟರ್, ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಲೆಕ್ಕವೂ ಅಷ್ಟೇ ಶ್ರಮದ್ದು.

ಉತ್ತರ ಸ್ಪಷ್ಟವಾಗಿತ್ತು. ವಯಸ್ಸು ಹೆಚ್ಚಿದಂತೆ ಸರಾಸರಿ ತೂಕ ಕ್ರಮವಾಗಿ ಇಳಿದಿತ್ತು. ಜೊತೆಗೆ ಇನ್ನೊಂದು ಸಂಗತಿಯೂ ಕಂಡಿತು: ಹಳೆಯ ನಾಣ್ಯಗಳ ತೂಕದಲ್ಲಿ ಏರುಪೇರು ಹೆಚ್ಚು. ಶಾಲೆಯ ಓಟದ ಸ್ಪರ್ಧೆ ನೆನಪಿಸಿಕೊಳ್ಳಿ. ಸೀಟಿ ಊದಿದಾಗ ಎಲ್ಲ ಮಕ್ಕಳೂ ಒಂದೇ ಗೆರೆಯಲ್ಲಿರುತ್ತಾರೆ. ಓಟ ಉದ್ದವಾದಷ್ಟೂ ಮುಂದಿರುವವರಿಗೂ ಹಿಂದಿರುವವರಿಗೂ ಅಂತರ ಹಿಗ್ಗುತ್ತದೆ. ನಾಣ್ಯಗಳ ಕಥೆಯೂ ಹಾಗೆಯೇ. ಚಲಾವಣೆಯಿಂದ ಲೋಹದ ನಾಣ್ಯದ ತೂಕ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಅವರ ಲೇಖನ 1942ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ವಿಜ್ಞಾನ ಪತ್ರಿಕೆಯಲ್ಲಿ ಬಂತು.

ರೇಖೆ ಹೇಳುವುದೇನು, ಉಳಿಕೆ ಹೇಳುವುದೇನು?

ಇನ್ನು ಪುರಾತನ ನಾಣ್ಯಗಳ ಸರದಿ. ಅವುಗಳ ಮೇಲೆ ಇಸವಿ ಇಲ್ಲ. ಹಾಗಾದರೆ ಗ್ರಾಫ್‌ನ ಅಡ್ಡ ಅಕ್ಷದಲ್ಲಿ ವಯಸ್ಸಿನ ಬದಲು ಏನಿಡುವುದು? ಕೋಸಂಬಿ ಹಿಂಬದಿಯ ಮುದ್ರೆಗಳನ್ನು ಎಣಿಸಿದರು. ತಕ್ಷಶಿಲೆಯ ನಾಣ್ಯಗಳನ್ನು ಹಿಂಬದಿ ಮುದ್ರೆಗಳ ಸಂಖ್ಯೆಯಂತೆ ಗುಂಪು ಮಾಡಿ ಪ್ರತಿ ಗುಂಪಿನ ಸರಾಸರಿ ತೂಕ ತೆಗೆದರು. ಮುದ್ರೆಗಳು ಹೆಚ್ಚಾದಂತೆ ಸರಾಸರಿ ತೂಕ ಕಡಿಮೆಯಾಗುತ್ತಾ ಹೋಯಿತು. ಚುಕ್ಕೆಗಳ ನಡುವೆ ಇಳಿಜಾರಿನ ಸರಳರೇಖೆ ಎಳೆಯಬಹುದಿತ್ತು.

ಇದಕ್ಕೆ ಅವರು ಕೊಟ್ಟ ವಿವರಣೆ ಹೀಗಿದೆ: ಮುಖಭಾಗದ ಐದು ಮುದ್ರೆ ನಾಣ್ಯ ಹೊರಡಿಸಿದವರದು. ಹಿಂಬದಿಯ ಪುಟ್ಟ ಮುದ್ರೆಗಳು ನಂತರದವು. ಆಗಾಗ ನಾಣ್ಯವನ್ನು ಪರೀಕ್ಷಿಸಿ, ತೂಕ ಸರಿಯಿದೆ ಎಂದು ವರ್ತಕರು ಅಥವಾ ಅವರ ಸಂಘಗಳು ಒತ್ತಿದವು. ಅಂದರೆ ಹಿಂಬದಿಯ ಮುದ್ರೆಗಳು ಒಂದು ಬಗೆಯಲ್ಲಿ ನಾಣ್ಯದ ವಯಸ್ಸಿನ ಗುರುತು.

ಇಲ್ಲಿ ತರಗತಿಯ ಪಾಠವನ್ನು ಒಮ್ಮೆ ನೆನೆಯಬಹುದು. ಚುಕ್ಕೆಗಳ ನಡುವೆ ಕಣ್ಣಂದಾಜಿನಲ್ಲಿ ಹತ್ತಾರು ರೇಖೆ ಎಳೆಯಬಹುದು. ಅವುಗಳಲ್ಲಿ ಸರಿಯಾದುದು ಯಾವುದು? ಪ್ರತಿ ಚುಕ್ಕೆ ರೇಖೆಯಿಂದ ಎಷ್ಟು ಮೇಲೆ ಅಥವಾ ಕೆಳಗಿದೆ ಎಂದು ಅಳೆದು, ಆ ಅಂತರಗಳ ವರ್ಗ ತೆಗೆದು ಕೂಡಿದಾಗ ಮೊತ್ತ ಯಾವ ರೇಖೆಗೆ ಅತಿ ಕಡಿಮೆಯೋ ಅದೇ ಸರಿಯಾದ ರೇಖೆ. ಈ ವಿಧಾನವನ್ನು ಫ್ರಾನ್ಸ್‌ನ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದರು. ರಿಗ್ರೆಷನ್ ಎಂಬ ಹೆಸರು ಬಳಕೆಗೆ ಬಂದದ್ದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರಿಂದ. ತಂದೆತಾಯಿಯ ಎತ್ತರಕ್ಕೂ ಮಕ್ಕಳ ಎತ್ತರಕ್ಕೂ ಇರುವ ಸಂಬಂಧದ ಬಗ್ಗೆ ಅವರು 1886ರಲ್ಲಿ ಬರೆದರು.

ಕಲಿಕೆಗಾಗಿ ಸುಮ್ಮನೆ ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಮುದ್ರೆಯೇ ಇಲ್ಲದ ನಾಣ್ಯದ ತೂಕ 3.40 ಗ್ರಾಂ, ಪ್ರತಿ ಮುದ್ರೆಗೆ 0.01 ಗ್ರಾಂ ಇಳಿಕೆ ಎಂದು ರೇಖೆ ಹೇಳುತ್ತದೆ ಎಂದುಕೊಳ್ಳೋಣ. ಆಗ ಆರು ಮುದ್ರೆಯ ನಾಣ್ಯ 3.34 ಗ್ರಾಂ ತೂಗಬೇಕು. ತಕ್ಕಡಿಯಲ್ಲಿಟ್ಟಾಗ 3.30 ಗ್ರಾಂ ಬಂದರೆ ಉಳಿಕೆ ಮೈನಸ್ 0.04. ಇನ್ನೊಂದು ನಾಣ್ಯ 3.37 ಗ್ರಾಂ ತೂಗಿದರೆ ಉಳಿಕೆ ಪ್ಲಸ್ 0.03. ರೇಖೆ ಹೇಳುವುದು ಇಡೀ ಗುಂಪಿನ ಸರಾಸರಿ ಕಥೆ. ಆ ಒಂದು ನಾಣ್ಯ ಗುಂಪಿನಿಂದ ಎಷ್ಟು ದೂರ ಸರಿದಿದೆ ಎಂದು ಹೇಳುವುದು ಉಳಿಕೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಉಳಿಕೆಯನ್ನು ತಪ್ಪು ಎಂದು ಭಾವಿಸುತ್ತಾರೆ. ಅದು ತಪ್ಪಲ್ಲ. ಉಳಿಕೆಗಳು ರೇಖೆಯ ಮೇಲೂ ಕೆಳಗೂ ಯಾವ ಕ್ರಮವೂ ಇಲ್ಲದೆ ಚದುರಿದ್ದರೆ ರೇಖೆ ತನ್ನ ಕೆಲಸ ಮಾಡಿದೆ ಎಂದರ್ಥ. ಒಂದೇ ಕಡೆ ಗುಂಪುಗೂಡಿದ್ದರೆ, ಅಥವಾ ಅನುಮಾನ ಬರುವಷ್ಟು ದೊಡ್ಡದಾಗಿದ್ದರೆ ಅಲ್ಲಿ ಬೇರೇನೋ ನಡೆದಿದೆ ಎಂದರ್ಥ. ಮಣ್ಣಿನ ಉಪ್ಪು ನಾಣ್ಯವನ್ನು ತಿಂದಿರಬಹುದು, ಪತ್ತೆಯಾದ ಮೇಲೆ ತೊಳೆಯುವಾಗ ಲೋಹ ಹೋಗಿರಬಹುದು, ಅಥವಾ ಟಂಕಸಾಲೆಯಲ್ಲೇ ತೂಕ ಹದ ತಪ್ಪಿರಬಹುದು.

ಅಂತಹ ಹದ ತಪ್ಪಿದ ತೂಕದಲ್ಲೇ ಕೋಸಂಬಿ ಒಂದು ಸಾಮ್ರಾಜ್ಯದ ಸಂಕಟ ಕಂಡರು. ಮೌರ್ಯರ ಕಾಲದವು ಎಂದು ಅವರು ಗುರುತಿಸಿದ ನಾಣ್ಯಗಳ ನಿಗದಿತ ತೂಕ ಹಿಂದಿನದ್ದೇ. ಆದರೆ ಬೆಳ್ಳಿಯಲ್ಲಿ ತಾಮ್ರದ ಬೆರಕೆ ಹೆಚ್ಚು, ಕೆಲಸ ಒರಟು, ಒಂದು ನಾಣ್ಯಕ್ಕೂ ಇನ್ನೊಂದಕ್ಕೂ ತೂಕದ ವ್ಯತ್ಯಾಸವೂ ಜಾಸ್ತಿ. ಇವು ಬರೀ ಸವೆತದಿಂದ ಬಂದ ಏರುಪೇರಲ್ಲ ಎಂದು ಅವರು ತೀರ್ಮಾನಿಸಿದರು. ದೊಡ್ಡ ಸೈನ್ಯ, ದೊಡ್ಡ ಆಡಳಿತದ ಖರ್ಚು ತೂಗಿಸಲು ಅವಸರದಲ್ಲಿ ಹೆಚ್ಚು ಹೆಚ್ಚು ನಾಣ್ಯ ಹೊಡೆಯಬೇಕಾಗಿ ಬಂದ ಸರ್ಕಾರದ ಗುರುತು ಇದು ಎಂಬುದು ಅವರ ವಾದ.

ಅವರ ಎಲ್ಲ ತೀರ್ಮಾನಗಳನ್ನೂ ನಾಣ್ಯ ತಜ್ಞರು ಒಪ್ಪಿದರು ಎಂದಲ್ಲ. ಹಿಂಬದಿಯ ಮುದ್ರೆಗಳು ನಿಜವಾಗಿ ತಪಾಸಣೆಯ ಗುರುತೇ ಎಂಬ ಪ್ರಶ್ನೆ ನಂತರವೂ ಎದ್ದಿತು. ಯಾವ ಮುದ್ರೆ ಯಾವ ರಾಜನದು ಎಂಬ ಚರ್ಚೆಯೂ ನಿಂತಿಲ್ಲ. ಆದರೆ ನಾಣ್ಯಗಳ ಒಂದು ರಾಶಿಯನ್ನು ಒಟ್ಟಾಗಿ ತೂಗಿ, ಲೆಕ್ಕ ಹಾಕಿ, ಪರೀಕ್ಷಿಸಬಹುದಾದ ಉತ್ತರ ಪಡೆಯಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು.

ಡೆಕ್ಕನ್ ಕ್ವೀನ್ ರೈಲಿನ ಪ್ರಯಾಣಿಕ

1940ರ ದಶಕ ಕೋಸಂಬಿ ಅವರ ಬದುಕಿನ ಫಲವತ್ತಾದ ಕಾಲ. 1943ರಲ್ಲಿ ಅವರು ಪ್ರಕಟಿಸಿದ ಸಂಖ್ಯಾಶಾಸ್ತ್ರದ ಒಂದು ಲೇಖನದಲ್ಲಿದ್ದ ವಿಚಾರ ಮುಂದೆ ಕರ್ಹುನೆನ್ ಮತ್ತು ಲೊಯೆವ್ ಎಂಬ ಇಬ್ಬರು ಗಣಿತಜ್ಞರ ಹೆಸರಿನಲ್ಲಿ ಜಗತ್ಪ್ರಸಿದ್ಧವಾಯಿತು. ಚಿತ್ರ, ಧ್ವನಿಗಳ ದತ್ತಾಂಶವನ್ನು ಕುಗ್ಗಿಸುವಂತಹ ಕೆಲಸಗಳಲ್ಲಿ ಇಂದು ಅದರ ಬಳಕೆಯಿದೆ. 1944ರಲ್ಲಿ ವಂಶವಾಹಿಗಳ ನಡುವಿನ ಅಂತರ ಅಂದಾಜು ಮಾಡುವ ಒಂದು ಸೂತ್ರ ಕೊಟ್ಟರು. ಕೋಸಂಬಿ ಮ್ಯಾಪಿಂಗ್ ಫಂಕ್ಷನ್ ಎಂಬ ಹೆಸರಿನ ಆ ಸೂತ್ರವನ್ನು ಬೆಳೆಗಳ ತಳಿ ಸಂಶೋಧಕರು ಇಂದಿಗೂ ಬಳಸುತ್ತಾರೆ.

ಭಾರತದಲ್ಲಿ ಸಂಖ್ಯಾಶಾಸ್ತ್ರ ಆಗಷ್ಟೇ ಬೇರೂರುತ್ತಿದ್ದ ದಿನಗಳವು. ಕೋಲ್ಕತ್ತದಲ್ಲಿ ಪಿ.ಸಿ. ಮಹಲನೋಬಿಸ್ ಅವರು 1931ರಲ್ಲಿ ಕಟ್ಟಿದ ಸಂಸ್ಥೆಗೆ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1940ರ ದಶಕದ ಆರಂಭದಲ್ಲಿ ಸೇರಿದ್ದರು. ಅಲ್ಲಿ ಒಂದು ತಂಡವೇ ಇತ್ತು. ಪುಣೆಯಲ್ಲಿ ಕೋಸಂಬಿ ಬಹುಮಟ್ಟಿಗೆ ಒಂಟಿಯಾಗಿ ದುಡಿದರು.

1945ರಲ್ಲಿ ಹೋಮಿ ಭಾಭಾ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶುರುವಾದ ಅದು ಅದೇ ವರ್ಷ ಮುಂಬೈಗೆ ಸ್ಥಳಾಂತರವಾಯಿತು. ಭಾಭಾ ಕರೆಯ ಮೇರೆಗೆ ಕೋಸಂಬಿ ಗಣಿತ ವಿಭಾಗ ಸೇರಿದರು. ಕೆಲಸ ಮುಂಬೈನಲ್ಲಿ, ಮನೆ ಪುಣೆಯಲ್ಲಿ. ಡೆಕ್ಕನ್ ಕ್ವೀನ್ ರೈಲು ಅವರ ನಿತ್ಯದ ಸಂಗಾತಿಯಾಯಿತು. ಹೋಗುವಾಗ ಬರುವಾಗ ಪುಸ್ತಕ, ಟಿಪ್ಪಣಿ.

ರಜೆ ಸಿಕ್ಕರೆ ಅವರು ಪುಣೆ ಸುತ್ತಲಿನ ಗುಡ್ಡಗಳನ್ನು ಹತ್ತುತ್ತಿದ್ದರು. ಶಿಲಾಯುಗದ ಸಣ್ಣ ಕಲ್ಲಿನ ಚೂರುಗಳು, ಹಳ್ಳಿಯ ದೇವತೆಗಳ ಕಲ್ಲುಗಳು, ಹಳೆಯ ಘಟ್ಟದ ದಾರಿಗಳು, ಕಾರ್ಲೆಯ ಬೌದ್ಧ ಗುಹೆಗಳು ಎಲ್ಲವನ್ನೂ ಕಾಲ್ನಡಿಗೆಯಲ್ಲಿ ನೋಡಿ ದಾಖಲಿಸಿದರು. ನಾಣ್ಯ ಹೊರಡಿಸಿದವರು ಯಾರು ಎಂದು ತಿಳಿಯಲು ಸಂಸ್ಕೃತ ಗ್ರಂಥ ಓದಬೇಕಾಯಿತು. ಸಂಸ್ಕೃತ ಓದುತ್ತಾ ಭರ್ತೃಹರಿಯ ಸುಭಾಷಿತಗಳ ಹಸ್ತಪ್ರತಿಗಳನ್ನು ಹೋಲಿಸಿ 1948ರಲ್ಲಿ ಸಂಪಾದಿತ ಆವೃತ್ತಿಯನ್ನೇ ತಂದರು. ಹೀಗೆ ಒಂದು ಲೆಕ್ಕ ಇನ್ನೊಂದು ಪ್ರಶ್ನೆಗೆ ದಾರಿ ಮಾಡುತ್ತಾ ಹೋಗಿ, 1956ರಲ್ಲಿ ಭಾರತದ ಇತಿಹಾಸದ ಅಧ್ಯಯನಕ್ಕೆ ಪ್ರವೇಶಿಕೆಯಂತಿರುವ ಅವರ ದೊಡ್ಡ ಪುಸ್ತಕ ಹೊರಬಂತು. ರಾಜರ ಪಟ್ಟಿಗಿಂತ ಜನ ಹೇಗೆ ಉತ್ತರು, ಏನು ಬೆಳೆದರು, ಹೇಗೆ ವ್ಯಾಪಾರ ಮಾಡಿದರು ಎಂಬುದೇ ಇತಿಹಾಸ ಎಂಬ ಅವರ ದೃಷ್ಟಿ ಭಾರತದ ಇತಿಹಾಸ ಬರವಣಿಗೆಯ ದಿಕ್ಕನ್ನೇ ಬದಲಿಸಿತು.

ಅದೇ ವಿಧಾನ ಕೈಕೊಟ್ಟಾಗ

ಎಲ್ಲ ಕಡೆಯೂ ಗೆಲುವೇ ಸಿಗಲಿಲ್ಲ. ಗಣಿತದಲ್ಲಿ ರೀಮನ್ ಊಹೆ ಎಂಬ ಬಹಳ ಕಠಿಣ ಸಮಸ್ಯೆಯಿದೆ. ಜರ್ಮನಿಯ ಬರ್ನ್‌ಹಾರ್ಡ್ ರೀಮನ್ 1859ರಲ್ಲಿ ಮುಂದಿಟ್ಟ ಈ ಊಹೆ 2, 3, 5, 7ರಂತಹ ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ್ದು. ಇಂದಿಗೂ ಯಾರೂ ಸಾಧಿಸಿಲ್ಲ. ಸಂಭವನೀಯತೆಯ ದಾರಿಯಿಂದ ಇದನ್ನು ಸಾಧಿಸಬಹುದು ಎಂದು ಕೋಸಂಬಿ ನಂಬಿದರು. 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಒಂದು ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು.

ಗಣಿತಜ್ಞರು ಅದನ್ನು ಒಪ್ಪಲಿಲ್ಲ. ನಾಣ್ಯದ ರಾಶಿಯಲ್ಲಿ ಕೆಲವು ಚುಕ್ಕೆಗಳು ರೇಖೆಯಿಂದ ದೂರವಿದ್ದರೂ ಸರಾಸರಿಯ ಮಾತು ನಿಲ್ಲುತ್ತದೆ. ಗಣಿತದ ಪ್ರಮೇಯದಲ್ಲಿ ಹಾಗಲ್ಲ. ಒಂದೇ ಒಂದು ಅಪವಾದ ಸಿಕ್ಕರೂ ಇಡೀ ಪ್ರಮೇಯ ಬಿದ್ದುಹೋಗುತ್ತದೆ. ಬಹುಪಾಲು ಸರಿ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಈ ಲೇಖನದಿಂದ ಕೋಸಂಬಿ ಅವರ ಗಣಿತದ ಹೆಸರಿಗೆ ಪೆಟ್ಟು ಬಿತ್ತು.

ಅದೇ ಸಮಯಕ್ಕೆ ಇನ್ನೊಂದು ಭಿನ್ನಾಭಿಪ್ರಾಯವೂ ಬೆಳೆದಿತ್ತು. ಬಿಸಿಲು ಧಾರಾಳವಾಗಿರುವ ಭಾರತಕ್ಕೆ ಅಣುಶಕ್ತಿಗಿಂತ ಸೌರಶಕ್ತಿ ಸೂಕ್ತ ಎಂದು ಅವರು ಬಹಿರಂಗವಾಗಿ ವಾದಿಸುತ್ತಿದ್ದರು. ದೇಶದ ಅಣುಶಕ್ತಿ ಕಾರ್ಯಕ್ರಮದ ರೂವಾರಿಯೇ ಕಟ್ಟಿದ ಸಂಸ್ಥೆಯಲ್ಲಿದ್ದುಕೊಂಡು ಹೀಗೆ ಹೇಳುವುದು ಸುಲಭವಲ್ಲ. 1962ರಲ್ಲಿ ಅವರ ಕೆಲಸದ ಒಪ್ಪಂದ ನವೀಕರಣಗೊಳ್ಳಲಿಲ್ಲ. 17 ವರ್ಷಗಳ ಕೆಲಸ ಕೊನೆಗೊಂಡಿತು. ಆಗ ಅವರಿಗೆ 55ರ ಆಸುಪಾಸು. ಎರಡು ವರ್ಷಗಳ ನಂತರ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅವರಿಗೆ ಗೌರವ ವಿಜ್ಞಾನಿಯ ಸ್ಥಾನ ನೀಡಿತು. ಪುಣೆಯಲ್ಲಿದ್ದುಕೊಂಡೇ ಕೆಲಸ ಮುಂದುವರಿಸಿದರು.

ಕೊನೆಗೂ ನಾಣ್ಯಗಳೇ

1965ರಲ್ಲಿ ಪ್ರಾಚೀನ ಭಾರತದ ಸಂಸ್ಕೃತಿ ಮತ್ತು ನಾಗರಿಕತೆಯ ಬಗ್ಗೆ ಅವರ ಜನಪ್ರಿಯ ಪುಸ್ತಕ ಹೊರಬಂತು. 1966ರ ಫೆಬ್ರುವರಿಯಲ್ಲಿ ಅಮೆರಿಕದ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ನಾಣ್ಯಗಳ ವೈಜ್ಞಾನಿಕ ಅಧ್ಯಯನದ ಬಗ್ಗೆ ಅವರ ಲೇಖನ ಪ್ರಕಟವಾಯಿತು. ಕಾಲು ಶತಮಾನದ ಹಿಂದೆ ಫರ್ಗ್ಯುಸನ್ ಕಾಲೇಜಿನ ದಿನಗಳಲ್ಲಿ ಕೈಗೆತ್ತಿಕೊಂಡ ಲೆಕ್ಕವನ್ನು ಈಗ ಜಗತ್ತಿನ ಸಾಮಾನ್ಯ ಓದುಗರ ಮುಂದಿಟ್ಟಿದ್ದರು.

ಅದಾಗಿ ನಾಲ್ಕು ತಿಂಗಳಿಗೆ, 1966ರ ಜೂನ್ 29ರಂದು, ಕೋಸಂಬಿ ಪುಣೆಯಲ್ಲಿ ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು. 59 ತುಂಬಲು ಇನ್ನೂ ಒಂದು ತಿಂಗಳಿತ್ತು. 1980ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಮರಣೋತ್ತರವಾಗಿ ಹರಿ ಓಂ ಆಶ್ರಮ ಪ್ರಶಸ್ತಿ ನೀಡಿತು. ಜನ್ಮಶತಮಾನೋತ್ಸವದ ಅಂಗವಾಗಿ 2008ರ ಜುಲೈ 31ರಂದು ಅಂಚೆ ಇಲಾಖೆ ಅವರ ಚಿತ್ರವಿರುವ 5 ರೂಪಾಯಿಯ ಅಂಚೆಚೀಟಿ ಹೊರತಂದಿತು.

ರಿಗ್ರೆಷನ್ ಪಾಠದಿಂದ ಏನು ಉಪಯೋಗ ಎಂದು ಕೇಳುವ ವಿದ್ಯಾರ್ಥಿಗಳು ಕೋಸಂಬಿ ಅವರ ಪ್ರಯೋಗವನ್ನು ಸ್ವತಃ ಮಾಡಿ ನೋಡಬಹುದು. ಹೆಚ್ಚೇನೂ ಬೇಡ. ಒಂದೇ ಬಗೆಯ, ಬೇರೆ ಬೇರೆ ಇಸವಿಯ ಐವತ್ತು ಅರವತ್ತು ನಾಣ್ಯಗಳು ಹಾಗೂ ಶಾಲೆಯ ಪ್ರಯೋಗಾಲಯದ ಒಂದು ಸೂಕ್ಷ್ಮ ತಕ್ಕಡಿ ಇದ್ದರೆ ಸಾಕು. ಆದರೆ ಒಂದು ಎಚ್ಚರ: ಇಸವಿ ಬದಲಾದಾಗ ನಾಣ್ಯದ ಲೋಹ, ಗಾತ್ರ, ನಿಗದಿತ ತೂಕ ಬದಲಾಗಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅಡ್ಡ ಅಕ್ಷದಲ್ಲಿ ನಾಣ್ಯದ ವಯಸ್ಸು, ಲಂಬ ಅಕ್ಷದಲ್ಲಿ ತೂಕ ಇಟ್ಟು ರೇಖೆ ಎಳೆಯಿರಿ. ಇಂದಿನ ಉಕ್ಕಿನ ನಾಣ್ಯ ಬೆಳ್ಳಿಯಷ್ಟು ಬೇಗ ಸವೆಯದೆ ಇಳಿಜಾರು ಕಾಣದೆಯೂ ಹೋಗಬಹುದು. ಅದೂ ಒಂದು ಉತ್ತರವೇ. ನಂತರ ರೇಖೆಯಿಂದ ಅತಿ ದೂರವಿರುವ ನಾಣ್ಯವನ್ನು ಎತ್ತಿಕೊಂಡು, ಅದು ಅಲ್ಲಿಗೆ ಹೋದದ್ದು ಏಕೆ ಎಂದು ಯೋಚಿಸಿ. ಕೋಸಂಬಿ ಅವರೂ ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನು ಹೀಗೆಯೇ ಮೊದಲು ತೂಗಿದ್ದರು.